ಜವಳಿ ಗೊಂಬಿ

ಬೆಟಗೇರಿಯಲ್ಲಿ ಬಟ್ಟೆ ಗೊಂಬೆ ಮಾಡುವವಳು ಎಂದರೆ ಈಗ ನಾನೊಬ್ಬಳೇ, ಖಾತುನಬಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಉಳಿದವರು ನನಗಿಂತ ಜಾಣರು, ಮೊದಲೇ ಬಿಟ್ಟುಬಿಟ್ಟರು. ನನ್ನ ಗಂಡ ಮೌಲಾಸಾಬ ಗಾದಿ ತುಂಬುವವನು. ಅವನು ಬಿಲ್ಲು ಹಿಡಿದು ಹತ್ತಿ ಹಿಂಜುವಾಗ ಮೂಲೆಗೆ ಹಾರಿ ಬಿದ್ದದ್ದೆಲ್ಲ ನನ್ನದು. ಓಣಿಯ ನೇಕಾರರ ಮನೆಗಳಲ್ಲಿ ಉಳಿದ ಸೀರೆಯ ಚಿಂದಿಯೂ ನನ್ನದು. ಯಾರಿಗೂ ಬೇಡವಾದ ಈ ಎರಡರಿಂದ ಒಂದು ಮೊಳದ ಗೊಂಬೆಯಾಗುತ್ತದೆ. ಕೈ, ಕಾಲು, ಜಡೆ, ಸೆರಗು, ಬಳೆ ಎಲ್ಲ ಇರುತ್ತದೆ. ಮುಖ ಮಾತ್ರ ಇರುವುದಿಲ್ಲ.

ಅದು ಮರೆತು ಬಿಟ್ಟದ್ದಲ್ಲ. ನನಗೆ ಸೂಜಿ ಹಿಡಿಯಲು ಕಲಿಸಿದ ನಮ್ಮಮ್ಮ ಹಾಜಿರಾಬಿ ಮೊದಲ ದಿನವೇ ಹೇಳಿದ್ದಳು. ಗೊಂಬೆಗೆ ಕಣ್ಣು ಇಟ್ಟವರನ್ನು ಕಯಾಮತ್ತಿನ ದಿನ, ಎಲ್ಲರ ಲೆಕ್ಕ ಕೇಳುವ ಆ ಕೊನೆಯ ದಿನ, ಎದುರಿಗೆ ನಿಲ್ಲಿಸಿಕೊಂಡು, 'ಕಣ್ಣು ಇಟ್ಟಿ, ಈಗ ಜೀವಾನೂ ಹಾಕು' ಅನ್ನುತ್ತಾರಂತೆ. ಯಾರಿಂದ ಆದೀತು? ಕೊಂಡವರಿಗೆ ಬೇಕಾದರೆ ಮನೆಗೆ ಹೋಗಿ ಕಾಡಿಗೆಯಿಂದ ಬರೆದುಕೊಳ್ಳಲಿ. ಇಪ್ಪತ್ತೆಂಟು ವರ್ಷ ನಾನು ಇದೇ ಮಾತಿಗೆ ಅಂಟಿಕೊಂಡಿದ್ದೆ.

ಗದಗ ಹೊಸ ಜಿಲ್ಲೆಯಾದ ಮರುವರ್ಷ ಈ ಮಾತು ನಮ್ಮ ಮನೆಯೊಳಗೇ ಜಗಳವಾಯಿತು. ಕಚೇರಿಯಿಂದ ಒಬ್ಬ ಮೇಡಂ ಬಂದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹುಡುಗಿಯರಿಗೆ ಗೊಂಬೆ ಮಾಡುವುದನ್ನು ಕಲಿಸಲು ಗದಗಿನಲ್ಲಿ ಒಂದು ಕೇಂದ್ರ ತೆರೆಯುತ್ತಾರಂತೆ. ಕಲಿಸುವ ಕೆಲಸಕ್ಕೆ ನನ್ನ ಮಗಳು ಅಮೀರಾಳನ್ನು ತೆಗೆದುಕೊಳ್ಳುತ್ತಾರಂತೆ. ಆಕೆ ನನ್ನ ಗೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೆಲಸ ಬಹಳ ಚೆನ್ನಾಗಿದೆ. ಆದರೆ ಇದನ್ನು ನೋಡಿದರೆ ಮಕ್ಕಳು ಹೆದರುತ್ತಾರಲ್ಲಮ್ಮಾ? ಮುಖ ಇರುವ ಒಂದೆರಡು ಮಾಡಿ ತನ್ನಿ," ಎಂದು ಹೇಳಿ ಹೋದರು.

ಅಮೀರಾ ನನ್ನ ಬೆನ್ನು ಬಿದ್ದಳು. "ಅಮ್ಮಾ, ಅಂಗಡಿ ತುಂಬ ಪ್ಲಾಸ್ಟಿಕ್ ಗೊಂಬಿ ಅದಾವ. ಅವನ್ನ ಮಾಡಿದವರೆಲ್ಲ ದೋಜಖದ ಬೆಂಕಿಗೆ ಹೊಂಟಾರೇನು?"

"ಅವನ್ನ ಯಂತ್ರ ಮಾಡತೈತಿ. ಯಂತ್ರಕ್ಕ ಕಯಾಮತ್ ಇಲ್ಲ," ಎಂದೆ.

ಅವಳು ಮಾತು ಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ಸದ್ದೊಂದೇ. ಮೌಲಾಸಾಬ ಮಾತ್ರ, "ಗಾದಿಗೆ ಮಾರಿ ಇರೂದಿಲ್ಲ, ನಾ ಪಾರಾದೆ," ಎಂದು ನಗುತ್ತಿದ್ದ.

ಅದೇ ವಾರ ಬೆಳಿಗ್ಗೆ ಹೊಂಬಳದಿಂದ ಒಬ್ಬ ಮುದುಕಿ ಬಂದಳು. ಹೆಸರು ಗುರುಸಿದ್ದವ್ವ. ಕುಂಡ್ರಿ ಎಂದರೂ ಕೂರಲಿಲ್ಲ, ಹೊಸ್ತಿಲ ಆಚೆಗೇ ನಿಂತಳು.

"ಒಂದು ಜವಳಿ ಗೊಂಬಿ ಬೇಕಾಗೈತ್ರಿ. ಹನ್ನೊಂದರ ಬಸ್ಸಿಗೆ ನಾ ತಿರುಗಿ ಹೋಗಬೇಕು."

ನನಗೆ ನಗು ಬಂತು. ಬೆಟಗೇರಿಯವರಿಗೆ ಜವಳಿ ಎಂದರೆ ಬಟ್ಟೆ, ಇನ್ನೇನೂ ಅಲ್ಲ. "ನಮ್ಮಲ್ಲಿ ಇರೂವೆಲ್ಲಾ ಜವಳಿ ಗೊಂಬೀನ ಯವ್ವಾ. ಮಣ್ಣಿಂದು ಬೇಕಾದ್ರ ಕುಂಬಾರ ಓಣಿಗೆ ಹೋಗು," ಎಂದು ಚೇಷ್ಟೆ ಮಾಡಿದೆ.

ಮುದುಕಿ ನಗಲಿಲ್ಲ. ಚೀಲದಿಂದ ಹಸಿರು ಬಣ್ಣದ, ಕೆಂಪು ಹೂವಿನ ಒಂದು ಫ್ರಾಕು ತೆಗೆದು ಕೊಟ್ಟಳು. "ಇದರ ಬಟ್ಟೀನ ಹಾಕ್ರಿ. ಜಡಿ ಎರಡು. ಆರು ವರ್ಷದಾಕಿ ಇದ್ದಂಗ ಇರಲಿ."

ಮೊಮ್ಮಗಳು ಆಡಲಿಕ್ಕೆ ಹಟ ಹಿಡಿದಿರಬೇಕು ಎಂದುಕೊಂಡು ಕೂತು ಹೊಲಿದೆ. ಮುಗಿದ ಮೇಲೆ ಕೊಡಲು ಹೋದರೆ ಅವಳು ಮೋರೆ ಆಚೆ ತಿರುಗಿಸಿಕೊಂಡಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ಕೊಡಿ ಎಂದಳು. ದೃಷ್ಟಿಯಾದೀತು ಅಂತ ಇರಬಹುದು ಎಂದು ಹಾಗೇ ಮಾಡಿದೆ. ಗಂಟನ್ನು ಎದೆಗೊತ್ತಿಕೊಂಡು ಹೊರಟೇ ಬಿಟ್ಟಳು, 'ಬರತೀನ್ರಿ' ಎಂಬ ಒಂದು ಮಾತು ಕೂಡ ಹೇಳಲಿಲ್ಲ. ಎಂಥ ಸೊಕ್ಕಿನ ಮುದುಕಿ ಎಂದು ನಾನು ಅಮೀರಾಳಿಗೆ ಕೇಳುವಂತೆ ಬೈದುಕೊಂಡೆ. ಸಾವಿನ ಮನೆಯ ಕೆಲಸಕ್ಕೆ ಬಂದವರು 'ಬರತೀನಿ' ಅನ್ನುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ.

ಒಂದೂವರೆ ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಊಟ ಮುಗಿಸಿ ಚಿಂದಿ ಆರಿಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಅವಳ ಸೆರಗು ಹಿಡಿದು ಒಂದು ಹುಡುಗಿ. ಹುಡುಗಿಯ ಮೈಮೇಲೆ ಹಸಿರು ಫ್ರಾಕು, ಕೆಂಪು ಹೂವು. ನಾನು ಕತ್ತರಿಯಿಂದ ತುಂಡು ಮಾಡಿ ಗೊಂಬೆಗೆ ಹಾಕಿದ್ದ ಅದೇ ಫ್ರಾಕು ಇಡಿಯಾಗಿ ನನ್ನೆದುರು ನಿಂತಂತೆ ಆಯಿತು.

ಹುಡುಗಿ ಸೆರಗು ಬಿಟ್ಟು ಒಳಗೆ ಬಂದಳು. ಕೈ ಮುಂದೆ ಚಾಚಿ ಗೊಂಬೆಗಳ ರಾಶಿಯನ್ನು ಮುಟ್ಟಿದಳು. ಮೇಲಿದ್ದ ಒಂದರ ಮುಖವನ್ನು ಬೆರಳಿನಿಂದ ಸವರಿ, "ಅವ್ವಾ, ಇದಕ್ಕೂ ಕಣ್ಣಿಲ್ಲ," ಎಂದಳು.

ತಾಯಿ ಕುಸಿದು ಕೂತಳು. ಅವಳು ಸುಮಿತ್ರವ್ವ, ಗುರುಸಿದ್ದವ್ವನ ಸೊಸೆ. "ಅಕ್ಕಾರ, ಖರೆ ಹೇಳ್ರಿ. ನಮ್ಮತ್ತಿ ಒಯ್ದ ಗೊಂಬಿಗೆ ನೀವು ಮಾರಿ ಮಾಡಿರಲಿಲ್ಲೇನ್ರಿ?"

"ಇಲ್ಲ. ನಾ ಯಾವುದಕ್ಕೂ ಮಾಡೂದಿಲ್ಲ. ಯಾಕ?"

"ನನಗ ಜವಳಿ ಹೆಣ್ಣ ಮಕ್ಕಳ್ರಿ. ಈಕಿ ವಿದ್ಯಾಶ್ರೀ ಸಣ್ಣಾಕಿ. ದೊಡ್ಡಾಕಿ ಮೂರು ದಿನದ ಜ್ವರದಾಗ ಹೋದ್ಲು."

ಆಗ ನನಗೆ ಆ ಮಾತಿನ ಇನ್ನೊಂದು ಅರ್ಥ ತಿಳಿಯಿತು. ಮುದುಕಿ ಕೇಳಿದ್ದು ಬಟ್ಟೆಯ ಗೊಂಬೆಯನ್ನಲ್ಲ, ಅವಳಿ ಮಕ್ಕಳ ಗೊಂಬೆಯನ್ನು. ಬಟ್ಟೆ ಕತ್ತರಿಸಿ ಕತ್ತರಿಸಿ ನನ್ನ ಕಿವಿಗೆ ಬೇರೆ ಜವಳಿ ಕೇಳಿಸುವುದೇ ಇಲ್ಲವಾಗಿತ್ತು.

ಸುಮಿತ್ರವ್ವ ಹೇಳಿದಳು. ಜವಳಿಯಲ್ಲಿ ಒಂದು ಹೋದರೆ ಇದ್ದದ್ದನ್ನು ಕರೆಯುತ್ತದಂತೆ. ಅದಕ್ಕೇ ಇದ್ದವಳ ಹಾಗೆ ಒಂದು ಗೊಂಬೆ ಮಾಡಿಸಿ ಹೋದವಳ ಪಕ್ಕದಲ್ಲಿ ಇಡುತ್ತಾರೆ, ತಂಗಿ ಬಂದಳು ಎಂದು ಅದು ಸುಮ್ಮನಾಗಲಿ ಅಂತ. ಇಡುವ ತನಕ ಯಾರೂ ಅದನ್ನು ನೋಡುವಂತಿಲ್ಲ, ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಗಂಟು ಬಿಚ್ಚದೆಯೇ ಇಟ್ಟು ಮಣ್ಣು ಮುಚ್ಚಿದರು.

"ಒಂಬತ್ತನೇ ದಿನಕ್ಕ ಈಕಿ, ದೀಪ ಯಾಕ ಸಣ್ಣ ಮಾಡೀರಿ ಅಂದ್ಲು. ಆಮ್ಯಾಲೆ ಪಾಟಿ ಮ್ಯಾಲಿನ ಅಕ್ಷರ ಕಾಣವಲ್ಲದಾದುವು. ಗದಗಿನಾಗ ಕಣ್ಣಿನ ಡಾಕ್ಟರಿಗೆ ತೋರಿಸಿದ್ವಿ. ಕಣ್ಣು ಸ್ವಚ್ಛ ಅದಾವ, ಏನೂ ಆಗಿಲ್ಲ ಅಂತಾರ. ಈಗ ನನ್ನ ಮಾರೀನೂ ಕಾಣೂದಿಲ್ರಿ ಈಕಿಗೆ."

ನಾನು ಹುಡುಗಿಯ ಎದುರು ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.

"ನಿನಗ ಏನು ಕಾಣತೈತಿ ಪುಟ್ಟಿ?"

"ಏನಿಲ್ಲ. ಮಗ್ಗಲದಾಗ ಅಕ್ಕ ಕುಂತಾಳ. ನನ್ನ ಮಾರಿ ಸವರಿ ಸವರಿ ಹುಡುಕತಾಳ. ಏನೂ ಸಿಗವಲ್ದು ಅಂತಾಳ."

ಗೊಂಬೆಗೆ ಮುಖವಿಲ್ಲ ಎಂಬುದನ್ನು ಹೊಂಬಳದಲ್ಲಿ ನೋಡಿದವರು ಯಾರೂ ಇಲ್ಲ. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಕೆಟ್ಟ ಗುಣ. "ಸಾವಿಗೆ ಅಂತ ಒಂದು ಮಾತು ಹೇಳಾಕ ನಿಮ್ಮತ್ತಿಗೆ ಬಾಯಿ ಇರಲಿಲ್ಲೇನು? ನನ್ನ ಕೈಲೆ ಇಂಥಾದ್ದು ಮಾಡಿಸಿ ಈಗ ಕೇಳಾಕ ಬಂದೀರಿ!" ಎಂದು ಕೂಗಾಡಿದೆ. ಸುಮಿತ್ರವ್ವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು.

"ಇನ್ನೊಂದು ಮಾಡಿಕೊಡ್ರಿ ಅಕ್ಕಾರ. ಕಣ್ಣು ಇಟ್ಟು."

"ನಾ ಕಣ್ಣು ಇಡಾಕಿ ಅಲ್ಲ. ಮೈ ಹೊಲಿದು ಕೊಡತೀನಿ, ಕಣ್ಣು ಬ್ಯಾರೇದವರ ಕಡೆ ಬರೆಸಿಕೊ. ನಮ್ಮ ಓಣ್ಯಾಗ ಬನಶಂಕರೆವ್ವ ಅಂತ ಅದಾಳ, ರಂಗೋಲಿ ಭಾಳ ಚಂದ ಹಾಕತಾಳ..."

ಹುಡುಗಿ ತಡಕಾಡುತ್ತ ಬಂದು ನನ್ನ ಹೆಬ್ಬೆರಳು ಹಿಡಿದಳು. ಸೂಜಿ ಒತ್ತಿ ಒತ್ತಿ ದಡ್ಡುಗಟ್ಟಿದ ಜಾಗವನ್ನು ತಿಕ್ಕಿ ನೋಡಿದಳು. "ಬ್ಯಾರೆ ಕೈ ಆಗೂದಿಲ್ಲ. ಅಕ್ಕಗ ಈ ಕೈ ಗುರ್ತು ಐತಿ," ಎಂದಳು. ಆ ಬೆರಳುಗಳು ತಣ್ಣಗಿದ್ದವು. ಬಿಡಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಒಂದು ಕಡೆ ನಮ್ಮಮ್ಮನ ಮಾತು, ಒಂದು ಕಡೆ ಈ ಕೂಸು. ಕೂತು ಯೋಚಿಸಿದೆ. ಆಮೇಲೆ ನನ್ನ ಜಾಣತನ ಕೆಲಸ ಮಾಡಿತು. ಮುಚ್ಚಿದ ಕಣ್ಣು ಕಣ್ಣಲ್ಲ, ಬರಿಯ ಒಂದು ಗೆರೆ. ಅದು ನೋಡುವುದಿಲ್ಲ. ನೋಡದ ಕಣ್ಣಿಗೆ ಜೀವ ಹಾಕು ಎಂದು ಯಾರು ಕೇಳುತ್ತಾರೆ? ಮುಖವೂ ಆಯಿತು, ಮಾತೂ ಉಳಿಯಿತು.

ಹುಡುಗಿಯನ್ನು ಎದುರಿಗೆ ಕೂರಿಸಿ, "ಕಣ್ಣು ಮುಚ್ಚಿಕೊ ಪುಟ್ಟಿ," ಎಂದೆ. ನೋಡಿ ನೋಡಿ ಹೊಲಿದೆ. ಸಣ್ಣ ಮೂಗು, ತುಸು ತೆರೆದ ಬಾಯಿ, ಕಪ್ಪು ದಾರದಲ್ಲಿ ಎರಡು ಕಮಾನು. ಒಂದೊಂದು ಕಮಾನಿಗೂ ಏಳೇಳು ರೆಪ್ಪೆಗೂದಲು. ನಾನು ಮಾಡಿದ ಮೊದಲ ಮುಖ ಅದು. ಹೇಳಬಾರದು, ಆದರೂ ಹೇಳುತ್ತೇನೆ, ಬಹಳ ಚೆಂದ ಬಂದಿತ್ತು. ಮಲಗಿದ ಮಗುವೇ.

ಇಷ್ಟು ದಿನ ಮಾತು ಬಿಟ್ಟಿದ್ದ ಅಮೀರಾ ಅದನ್ನು ನೋಡಿ ಬಾಯಿಬಿಟ್ಟಳು. "ಅಮ್ಮಾ, ಹಿಂಗ ಒಂದು ಮೇಡಂಗೂ ಮಾಡಿಕೊಡು. ಇದನ್ನ ಬ್ಯಾಡ ಅನ್ನಾಕ ಅವರಿಗೆ ಮನಸ್ಸಾಗೂದಿಲ್ಲ." ನನಗೂ ಅದೇ ಅನಿಸಿತ್ತು. ಸುಮಿತ್ರವ್ವ ಗಂಟು ತೆಗೆದುಕೊಂಡು ಹೋದ ಮೇಲೆ ನಾನು ಆ ಹುಡುಗಿಯ ಬಗ್ಗೆ ಯೋಚಿಸಲಿಲ್ಲ. ಕೇಂದ್ರ, ಅಮೀರಾಳ ಕೆಲಸ, ಜಿಲ್ಲೆಯ ತುಂಬ ಹೋಗುವ ನನ್ನ ಮಲಗಿದ ಗೊಂಬೆಗಳು, ಇದನ್ನೇ ಯೋಚಿಸುತ್ತ ಇನ್ನೊಂದಕ್ಕೆ ಬಟ್ಟೆ ಕತ್ತರಿಸಿದೆ. ಇದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಗುರುಸಿದ್ದವ್ವ ಬಂದಳು. ಮತ್ತೆ ಹೊಸ್ತಿಲ ಆಚೆಗೇ ನಿಂತಳು.

"ನಿದ್ದಿ ಹೊಕ್ಕಾಳ್ರಿ ವಿದ್ಯಾ. ಗೊಂಬಿ ಹುಗಿದ ಮಧ್ಯಾಹ್ನ ಮಲಗಿದಾಕಿ ಎದ್ದಿಲ್ಲ. ಉಸಿರು ಐತಿ. ಹಾಲು ಹಾಕಿದ್ರ ಕಟಬಾಯಾಗಿಂದ ಹರದು ಹೋಗತೈತಿ. ಡಾಕ್ಟರು ಬಂದು ನೋಡಿದ್ರು, ಎಬ್ಬಿಸಾಕ ಅವರ ಕೈಲೆನೂ ಆಗಲಿಲ್ಲ." ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಈ ಸಲ ಎಂಥಾ ಕಣ್ಣು ಮಾಡಿದ್ರಿ ಯವ್ವಾ?"

ಅವಳು ಕೇಳುವ ಮೊದಲೇ ನನಗೆ ತಿಳಿದಿತ್ತು. ಎದ್ದು ಸೂಜಿ, ಕಪ್ಪು ದಾರ, ಬಿಳಿ ದಾರ, ಸಣ್ಣ ಕತ್ತರಿ ಚೀಲಕ್ಕೆ ಹಾಕಿಕೊಂಡೆ. ಮೌಲಾಸಾಬ ಬಿಲ್ಲು ನಿಲ್ಲಿಸಿ, "ಎಲ್ಲಿಗೆ?" ಎಂದ.

"ಹೊಂಬಳಕ್ಕ. ಕಣ್ಣು ತೆರಸಾಕ."

ಅವನು ನನ್ನನ್ನೇ ನೋಡಿದ. ಬೇಡ ಅನ್ನುತ್ತಾನೆ ಎಂದುಕೊಂಡೆ, ಬೇಡ ಅನ್ನಲಿ ಎಂದೂ ಒಳಗೊಳಗೇ ಬಯಸಿದೆನೋ ಏನೋ. ಅವನು ತನ್ನ ಡಬ್ಬಿಯಿಂದ ಒಂದು ಸೂಜಿ ತೆಗೆದು ನನ್ನ ಚೀಲಕ್ಕೆ ಚುಚ್ಚಿ, "ಇನ್ನೊಂದು ಇರಲಿ. ನಿಂದು ಮುರದ್ರ?" ಎಂದ.

ಹೊಂಬಳದ ಮನೆಯಲ್ಲಿ ಹುಡುಗಿಯನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಸುಮಿತ್ರವ್ವ ತಲೆಯ ಹತ್ತಿರ ಕೂತಿದ್ದಳು, ಅಳುವುದೂ ಅವಳಿಗೆ ಸಾಕಾಗಿಹೋಗಿತ್ತು. ನಾನು ಬಗ್ಗಿ ಹುಡುಗಿಯ ಮುಖ ನೋಡಿದೆ. ತುಸು ತೆರೆದ ಬಾಯಿ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ದಪ್ಪಗೆ ನಿಂತಿದ್ದವು. ಎಣಿಸಿದೆ. ಒಂದೊಂದರಲ್ಲಿ ಏಳು.

ಅಲ್ಲಿ ಒಂದು ಕ್ಷಣವೂ ನಿಲ್ಲಲಾಗಲಿಲ್ಲ. ಗುರುಸಿದ್ದವ್ವನ ಜೊತೆ ಅವರ ಹೊಲಕ್ಕೆ ನಡೆದೆ. ಸಣ್ಣ ಮಕ್ಕಳನ್ನು ಅವರು ಹೊಲದ ಬದುವಿನಲ್ಲೇ ಇಡುತ್ತಾರೆ. ಮೊಳಕಾಲುದ್ದ ಜೋಳ, ಬದುವಿಗೆ ಒಂದು ಬನ್ನಿಗಿಡ, ಅದರ ಬುಡದಲ್ಲಿ ಕಲ್ಲು ಜೋಡಿಸಿದ ಒಂದು ಸಣ್ಣ ದಿಬ್ಬ. ನಡು ಮಧ್ಯಾಹ್ನದ ಬಿಸಿಲು. ಎಲ್ಲೋ ದೂರದಲ್ಲಿ ಒಂದು ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ನಾವು ಬನ್ನಿಗಿಡದ ಹತ್ತಿರ ಹೋದಂತೆ ಅದೂ ಕೇಳದಾಯಿತು.

ದಿಬ್ಬದ ತಲೆಗೆ ಹೊಸ ಮಣ್ಣಿತ್ತು. ಮುದುಕಿ ಕುರ್ಪಿಯಿಂದ ಕೆದರಿ ಗೊಂಬೆಯ ಗಂಟನ್ನು ಎತ್ತಿ ನನ್ನ ಮಡಿಲಿಗಿಟ್ಟಳು. ನಾನು ಹಾಕಿದ ಗಂಟು ಹಾಕಿದಂತೆಯೇ ಇತ್ತು. ಬಿಚ್ಚಿದೆ, ಬಿಳಿ ಬಟ್ಟೆ ಒಳಗಡೆ ಎಲ್ಲೂ ಮಾಸಿರಲಿಲ್ಲ. ಗೊಂಬೆಯ ಮುಖದ ಮೇಲೆ ಮಾತ್ರ ಎರೆಮಣ್ಣು, ಹಣೆಯಿಂದ ಗದ್ದದವರೆಗೆ, ಸಣ್ಣ ಸಣ್ಣ ಬೆರಳು ಎಳೆದ ಹಾಗೆ. ಮುಚ್ಚಿದ ಕಣ್ಣಿನ ಸುತ್ತ ಮಣ್ಣು ಹೆಚ್ಚು ಹತ್ತಿತ್ತು. ಕಮಾನಿನ ಒಂದು ತುದಿಯಲ್ಲಿ ದಾರವನ್ನು ಯಾರೋ ಕಿತ್ತು ನೋಡಿದಂತೆ ಎಳೆ ಎದ್ದಿತ್ತು.

ಗುರುಸಿದ್ದವ್ವ ಅದನ್ನು ನೋಡಿದಳು. "ಎಬ್ಬಿಸಾಕತ್ಯಾಳ," ಎಂದಳು. "ತಂಗೀನ ಎಬ್ಬಿಸಾಕತ್ಯಾಳ, ಆಡಾಕ."

ನನಗೆ ಅಳು ಬಂತು. ತಡೆಯಲಿಲ್ಲ. ಅಳುತ್ತಲೇ ಕತ್ತರಿಯಿಂದ ಎರಡೂ ಕಮಾನು ಬಿಡಿಸಿದೆ. ಸೂಜಿಗೆ ದಾರ ಪೋಣಿಸಿದ ಮೇಲೆ ಬಿಸ್ಮಿಲ್ಲಾ ಅನ್ನಬೇಕೋ ಬೇಡವೋ ತಿಳಿಯದೆ ಕೂತೆ. ಮಾಡಬಾರದ ಕೆಲಸಕ್ಕೆ ಹೊರಟವಳು ಹಾಗನ್ನಬಹುದೇ? ಅಂದೆ. ಅನ್ನದೆ ಸೂಜಿ ಹಾಕುವುದು ನನ್ನ ಕೈಗೆ ಗೊತ್ತಿಲ್ಲ.

ಬಿಳಿ ದಾರ ತುಂಬಿದೆ, ನಡುವೆ ಕಪ್ಪು ಗುಡ್ಡೆ, ಗುಡ್ಡೆಯಲ್ಲಿ ಬೆಳಕಿನ ಒಂದು ಬಿಳಿ ಹೊಲಿಗೆ. ಮೊದಲ ಕಣ್ಣು ಮುಗಿದಾಗ ಗೊಂಬೆಯ ಮುಖವನ್ನು ನಾನು ನೋಡುವುದು ಬಿಟ್ಟೆ. ಅದು ನನ್ನನ್ನು ನೋಡತೊಡಗಿತ್ತು. ಎರಡನೆಯದನ್ನು ದಾರದ ಲೆಕ್ಕದ ಮೇಲೆಯೇ ಹೊಲಿದೆ. ಸೂಜಿ ಮುರಿಯಿತು. ಮೌಲಾಸಾಬ ಕೊಟ್ಟದ್ದನ್ನು ತೆಗೆದುಕೊಂಡು ಮುಗಿಸಿದೆ.

ತಿರುಗಿ ಕುಣಿಯಲ್ಲಿ ಇಟ್ಟೆ. ಕಾಲಿನ ಮೇಲೆ ಮಣ್ಣು ಹಾಕಿದೆ, ಎದೆಯ ಮೇಲೆ ಹಾಕಿದೆ. ತೆರೆದ ಕಣ್ಣಿನ ಮೇಲೆ ಹಾಕಲು ಕೈ ಏಳಲಿಲ್ಲ.

"ನೀವು ಆ ಕಡೆ ನೋಡ್ರಿ," ಎಂದಳು ಮುದುಕಿ. ಮುಖದ ಮೇಲೆ ಬಿಳಿ ಬಟ್ಟೆ ಎಳೆದು, ಮಣ್ಣು ಸರಿಸುತ್ತ ದಿಬ್ಬದ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು. "ನೋಡವ್ವಾ, ತಂಗಿ ಕಣ್ಣು ತಗದಾಳ. ಇನ್ನ ಹುಡುಕಬ್ಯಾಡ. ಆಡ್ರಿ ಇಬ್ಬರೂ."

ನಾವು ಮನೆಗೆ ಬರುವಷ್ಟರಲ್ಲಿ ವಿದ್ಯಾಶ್ರೀ ಎದ್ದು ಕೂತಿದ್ದಳು. ಹಾಲಿನಲ್ಲಿ ರೊಟ್ಟಿ ಮುರಿದು ತಾಯಿ ಉಣ್ಣಿಸುತ್ತಿದ್ದಳು. ಹುಡುಗಿ ನೇರವಾಗಿ ನನ್ನ ಮುಖ ನೋಡಿದಳು, ನೋಡಿ ಗುರುತು ಹಿಡಿದಳು. "ಅವ್ವಾ, ಈಕಿನ. ಹೊಲದಾಗ ಅಳಕೋತ ಕುಂತಿದ್ಲು."

ಸುಮಿತ್ರವ್ವ ನನ್ನ ಕಾಲಿಗೆ ಬಿದ್ದಳು. ಎತ್ತುವ ಬದಲು ನಾನೂ ಅವಳೆದುರು ನೆಲಕ್ಕೆ ಕೂತೆ.

ಅಮೀರಾಳಿಗೆ ಕೆಲಸ ಸಿಕ್ಕಿತು. ನಾನು ಕತ್ತರಿಸಿಟ್ಟಿದ್ದ ಎರಡನೆಯ ಗೊಂಬೆಗೆ ಅವಳೇ ತೆರೆದ ಕಣ್ಣು ಹೊಲಿದು ಒಯ್ದು ಕೊಟ್ಟಳು. ಬೇಡ ಅನ್ನಲು ನನಗೆ ಈಗ ಯಾವ ಬಾಯಿ? ಕೇಂದ್ರದಲ್ಲಿ ಇಪ್ಪತ್ತೆರಡು ಹುಡುಗಿಯರಿದ್ದಾರೆ. ವಾರಕ್ಕೆರಡು ದಿನ ನಾನೂ ಹೋಗಿ ಹತ್ತಿ ತುಂಬುವುದು, ಕೈಕಾಲು ಕೂಡಿಸುವುದು ತೋರಿಸಿಕೊಡುತ್ತೇನೆ. ಕಣ್ಣಿನ ಪಾಠ ಬಂದಾಗ ಎದ್ದು ಅಂಗಳಕ್ಕೆ ಹೋಗುತ್ತೇನೆ. ಹುಡುಗಿಯರು ಅದನ್ನು ನನ್ನ ಮಡಿ ಎಂದು ನಗುತ್ತಾರೆ. ನಗಲಿ. ಅವರ ಕೈಯಿಂದ ಕಸುಬು ಇನ್ನೊಂದು ನಲವತ್ತು ವರ್ಷ ಬದುಕುತ್ತದೆ ಎಂದು ಮೇಡಂ ಹೇಳುತ್ತಾರೆ.

ಬೇಸಿಗೆಗೆ ಮುಂಚೆ ಸುಮಿತ್ರವ್ವ ಒಬ್ಬಳೇ ಬಂದಳು, ಜೋಳದ ಹಿಟ್ಟು, ಶೇಂಗಾ ಹಿಡಿದುಕೊಂಡು. ಬಹಳ ಸೊರಗಿದ್ದಳು. ಚಹಾ ಕೊಟ್ಟು ಕೂರಿಸಿದೆ.

"ವಿದ್ಯಾ ಹೆಂಗದಾಳ?"

"ಅರಾಮ ಅದಾಳ್ರಿ. ಹಿಂದಿನ ಸಾಲಿನಾಗ ಕುಂತು ಹಲಗಿ ಮ್ಯಾಲಿಂದು ಎಲ್ಲಾ ಓದತಾಳ. ಉಣತಾಳ, ಆಡತಾಳ." ಬಟ್ಟಲು ಕೆಳಗಿಟ್ಟಳು. "ಕಣ್ಣು ಮುಚ್ಚೂದಿಲ್ರಿ ಅಕ್ಕಾರ. ನಿದ್ದಿ ಬರತೈತಿ, ಗೊರಕೀನೂ ಹೊಡಿತಾಳ. ಕಣ್ಣು ತಗದ ಇರತಾವ. ಧೂಳು ಬೀಳತೈತಿ, ನೊಣ ಕೂಡತಾವ. ಮುಂಜಾನೆದ್ದು, ರಾತ್ರಿಯೆಲ್ಲಾ ಮಾಳಿಗಿ ತೊಲಿ ನೋಡಿದ್ನಿ ಅಂತಾಳ."

ಹೊಲಿದ ಕಣ್ಣು ಹೇಗೆ ಮುಚ್ಚೀತು?

"ಗದಗಿನ ಅಂಗಡ್ಯಾಗ ಒಂದು ಪ್ಲಾಸ್ಟಿಕ್ ಗೊಂಬಿ ನೋಡಿ ಬಂದೆ," ಎಂದಳು ಅವಳು. "ಮಲಗಿಸಿದ್ರ ಕಣ್ಣು ಮುಚ್ಚತೈತಿ, ಎತ್ತಿದ್ರ ತಗೀತೈತಿ. ಕೈಯಾಗ ಹಿಡಕೊಂಡು ಭಾಳ ಹೊತ್ತು ನಿಂತೆ."

ನನ್ನ ಅನ್ನ ಕಸಿದ ಗೊಂಬೆ ಅದು. ಆದರೂ ಕೇಳಿದೆ, "ತರಬೇಕಿಲ್ಲೇನು? ಅದನ್ನ ಇಟ್ಟು ನೋಡೂಣು. ನಾನೂ ಬರತೀನಿ."

"ಅದು ನಗತೈತ್ರಿ," ಎಂದಳು ಸುಮಿತ್ರವ್ವ. "ಹೆಂಗ ಹಿಡಿದ್ರೂ ನಗತೈತಿ. ನಾಳೆ ನಾ ಸತ್ತಾಗೂ ನನ್ನ ಮಗಳು ಹಂಗ ನಕ್ಕೋತ ನಿಂತ್ರ?"

ನಾನು ಅವಳ ಕೈ ಹಿಡಿದುಕೊಂಡೆ.

"ಬ್ಯಾಡ್ರಿ, ಇನ್ನೇನೂ ಮಾಡೂದು ಬ್ಯಾಡ. ಅಕಿ ಮಲಗಿದ ಮ್ಯಾಲೆ ನಾ ಕಣ್ಣಿನ ಮ್ಯಾಲೆ ಕೈ ಮುಚ್ಚಿಕೊಂಡು ಕುಂಡ್ರತೀನಿ. ಅಂಗೈ ಕೆಳಗ ಕತ್ತಲಾದ್ರ ಸಾಕು, ಚಂದಂಗೆ ಮಲಗತಾಳ."

"ದಿನಾಲೂ? ಮತ್ತ ನೀ ಯಾವಾಗ ಮಲಗತೀ ಯವ್ವಾ?"

"ಅಕಿ ಶಾಲಿಗೆ ಹೋದ ಮ್ಯಾಲೆ," ಎಂದಳು.